ಸೆಂಟ್ರಿಂಗ್ ಪಾಠ

ಟೀಚರ್ ಬೊಕ್ರೆ ಬೋರ್ಡಿಗೆ ಬಡಿದ ರಭಸಕ್ಕೆ ಸೀಮೆಸುಣ್ಣ ಎರಡು ತುಂಡಾಯಿತು.

“ಏಳು ದಿನ ಅಂತೀರಾ? ಏಳು ದಿನಕ್ಕೆ ಕೆಳಗೆ ಕೊಟ್ಟ ಜಾಕಿ ಎಳೆದ್ರೆ ಹಸಿ ತಾರಸಿ ನಿಮ್ಮ ತಲೆ ಮೇಲೆ ಬಿದ್ದಿರುತ್ತೆ, ಯಜಮಾನ್ರೇ.”

ಹಿಂದಿನ ಬೆಂಚು ಕಿಸಕ್ಕನೆ ನಕ್ಕಿತು. ಅರವತ್ತೊಂದು ವರ್ಷದ ಪ್ಯೊ ಚಾಂಗ್‌ದಾಲ್ ತಲೆ ತಗ್ಗಿಸಿಕೊಂಡೇ ಉತ್ತರ ತಿದ್ದಿದ. ಗಿತೇ ಎಂಬ ಚುರುಕು ಬಾಯಿಯವನು ಸುಮ್ಮನಿರಲಿಲ್ಲ.

“ನಿಮ್ಮ ಕೈಗೆ ಪರವಾನಗಿ ಬರೋ ಹೊತ್ತಿಗೆ ಮೊಮ್ಮಗನ ಮದುವೆ ಊಟ ಆಗಿರುತ್ತೆ ಬಿಡಿ, ಯಜಮಾನ್ರೇ.”

“ನೀನು ಮೊದಲು ಮೊಳೆ ನೆಟ್ಟಗೆ ಹೊಡೆಯೋದು ಕಲಿ,” ಎಂದಳು ಬೊಕ್ರೆ. “ಆಮೇಲೆ ಮದುವೆ ಊಟದ ಮಾತು.”

ಗುನ್ಸಾನ್ ಪೇಟೆಯಲ್ಲಿ ಒಣಮೀನಿನ ಅಂಗಡಿಯ ಮಹಡಿಯ ಮೇಲೆ ಎರಡು ಕೋಣೆಯ ಶಾಲೆ ಅದು. ಕಟ್ಟಡ ಕಟ್ಟಿಸುವ ಪರವಾನಗಿಯ ಪರೀಕ್ಷೆಗೆ ಅಲ್ಲಿ ತಯಾರಿ. ಬೇರೆ ಶಾಲೆಗಳಲ್ಲಿ ಪುಸ್ತಕ ಓದಿದವರು ಪಾಠ ಹೇಳುತ್ತಿದ್ದರು. ಬೊಕ್ರೆ ಹದಿನೆಂಟು ವರ್ಷ ಗಂಡನ ಜೊತೆ ಸೆಂಟ್ರಿಂಗ್ ಕೆಲಸ ಮಾಡಿ, ಹಸಿ ತಾರಸಿಯನ್ನು ಎತ್ತಿ ಹಿಡಿಯುವ ಹಲಗೆ, ಜಾಕಿ ಹೊತ್ತು, ಆಮೇಲೆ ಪರೀಕ್ಷೆ ಪಾಸು ಮಾಡಿದವಳು. ಆ ಸೀಮೆಯಲ್ಲಿ ಅಂಥ ಟೀಚರ್ ಇನ್ನೊಬ್ಬರಿರಲಿಲ್ಲ.

ಅವಳ ಸಿಟ್ಟಿಗೂ ಕಾರಣವಿತ್ತು. ಹನ್ನೆರಡು ವರ್ಷದ ಹಿಂದೆ ಅವಳ ಗಂಡ ಹಸಿ ತಾರಸಿಯ ಕೆಳಗೆ ಸತ್ತಿದ್ದ. ಆ ಕಟ್ಟಡದ ಕಾಗದಗಳಲ್ಲಿ ಪರವಾನಗಿದಾರನ ಹೆಸರಿತ್ತು, ಮೊಹರಿತ್ತು. ಮನುಷ್ಯ ಮಾತ್ರ ಒಂದು ದಿನವೂ ಅತ್ತ ಸುಳಿದವನಲ್ಲ. ಪರವಾನಗಿಯನ್ನು ಕಂಪನಿಗೆ ಬಾಡಿಗೆಗೆ ಕೊಟ್ಟು ಮನೆಯಲ್ಲಿ ಕೂತಿದ್ದ. ಕೊನೆಗೆ ಕೆಲಸದವರೇ ಅವಸರಪಟ್ಟು ಜಾಕಿ ಎಳೆದರೆಂದು ತೀರ್ಪಾಗಿ, ಸತ್ತವನೇ ತಪ್ಪಿತಸ್ಥನಾದ.

ದಿನಾ ಬೆಳಗಿನ ಜಾವ ಗುಡ್ಡದ ಮೇಲಿನ ಆಶ್ರಮಕ್ಕೆ ಹೋಗಿ ಬೊಕ್ರೆ ಬುದ್ಧನ ಮುಂದೆ ನೂರೆಂಟು ಸಲ ಸಾಷ್ಟಾಂಗ ಬೀಳುತ್ತಿದ್ದಳು. ನೆಲದ ತಂಪು ಹಣೆಗೆ ತಾಕುತ್ತಿತ್ತು. ಒಳಗಿನ ಬೆಂಕಿಗೆ ತಾಕುತ್ತಿರಲಿಲ್ಲ. ಎಲ್ಲಿ ತಾರಸಿ ಬಿದ್ದು ಜನ ಸತ್ತರೂ, ವಿಚಾರಣೆಯ ದಿನ ಹೋಗಿ ಸತ್ತವರ ಮನೆಯವರ ಪಕ್ಕದಲ್ಲಿ ಕೂರುವುದನ್ನು ವ್ರತದಂತೆ ಪಾಲಿಸುತ್ತಿದ್ದಳು. ನಿಜವಾಗಿ ಮೈಮುರಿದು ದುಡಿದವರ ಕೈಗೇ ಪರವಾನಗಿ ಸೇರಬೇಕು ಎಂಬುದು ಅವಳ ಇನ್ನೊಂದು ವ್ರತ.

ಅದಕ್ಕೇ ಪ್ಯೊ ಮೇಲೆ ಅವಳಿಗೆ ಅಷ್ಟು ಅಕ್ಕರೆ. ಬರೆಯುವ ಪರೀಕ್ಷೆ ಆಗಿದೆ, ಗುರುವಾರ ಮೂವರ ಮುಂದೆ ನಿಂತು ಬಾಯಲ್ಲಿ ಉತ್ತರ ಹೇಳುವುದಷ್ಟೇ ಬಾಕಿ ಎಂದು ಆತ ಮೊದಲ ದಿನವೇ ತಿಳಿಸಿದ್ದ. ಸೆಂಟ್ರಿಂಗ್ ಬಗ್ಗೆಯೇ ಕೇಳುತ್ತಾರಂತೆ. ಬೇರೆ ಪಾಠ ಬೇಡವೆಂದ. ಅವನ ಅಂಗೈ ಮೆತ್ತಗಿದ್ದದ್ದನ್ನು ಅವಳು ಗಮನಿಸದೆ ಇರಲಿಲ್ಲ. ಸೊಂಟ ಹಿಡಿದು ಕೆಲಸ ಬಿಟ್ಟು ಬಹಳ ವರ್ಷವಾಯಿತು ಎಂದಿದ್ದ. ಪಾಪ ಅನ್ನಿಸಿತ್ತು.

“ಈ ಸಲ ಬಿದ್ರೆ ನನ್ನ ಕಥೆ ಮುಗೀತು, ಟೀಚರ್,” ಎಂದಿದ್ದ. “ಈ ವಯಸ್ಸಿಗೆ ಇನ್ನೊಂದು ಅವಕಾಶ ಇಲ್ಲ.”

ತರಗತಿ ಬಿಟ್ಟ ಮೇಲೆ ಅವಳು ಅವನೊಬ್ಬನನ್ನೇ ಕೂರಿಸಿಕೊಂಡು ಗದರಿಸಿ ಗದರಿಸಿ ಹೇಳಿಕೊಟ್ಟಳು. ಲೆಕ್ಕ ಬಂತು, ದಿನಗಳ ಎಣಿಕೆ ಬಂತು. ಮಾತು ಮಾತ್ರ ಒಣಕಲಾಗಿಯೇ ಉಳಿಯಿತು.

“ಇದು ಪುಸ್ತಕ ಓದಿದವನ ಮಾತು,” ಎಂದು ರೇಗಿದಳು. “ಸೈಟಲ್ಲಿ ನಿಂತವನ ಹಾಗೆ ಹೇಳಿ. ಬೆಳಿಗ್ಗೆ ಸುತ್ತಿಗೆಯಿಂದ ಒಂದೊಂದು ಜಾಕಿನೂ ತಟ್ಟಬೇಕು. ಭಾರ ಹೊತ್ತಿರೋದು ಠಣ್ ಅನ್ನುತ್ತೆ, ಸಡಿಲ ಆಗಿರೋದು ಬದ್ ಅನ್ನುತ್ತೆ. ಇದನ್ನ ಹೇಳಿದ್ರೆ ಎದುರಿಗೆ ಕೂತವರು ಮತ್ತೊಂದು ಮಾತು ಕೇಳಲ್ಲ.”

ಪ್ಯೊ ಕಣ್ಣು ಮುಚ್ಚಿ ಅದನ್ನು ಹತ್ತು ಸಲ ಹೇಳಿದ. ಮತ್ತೆ ತುಸು ಹಿಂಜರಿದು ಕೇಳಿದ: “ಕೆಲಸದವರೇ ಮುಂಚೆ ಜಾಕಿ ಬಿಚ್ಚಿಬಿಟ್ರೆ ನೀವೇನು ಮಾಡ್ತೀರಿ ಅಂತ ಕೇಳಿದ್ರೆ?”

ಬೊಕ್ರೆ ಕೈಯಲ್ಲಿದ್ದ ಸೀಮೆಸುಣ್ಣ ಕೆಳಗಿಟ್ಟಳು. ಕಿಟಕಿಯಾಚೆ ಯಾರೋ ಮೀನಿನ ಬುಟ್ಟಿ ಕೊಡವುತ್ತಿದ್ದರು.

“ದಿನಾ ನಾನೇ ಸುತ್ತು ಹಾಕ್ತೀನಿ, ಬಿಚ್ಚಬೇಡಿ ಅಂತ ನಾನೇ ನಿಂತು ಹೇಳ್ತೀನಿ ಅನ್ನಿ,” ಎಂದಳು ಕೊನೆಗೆ. “ಹಾಗೆ ಹೇಳೋನು ಒಬ್ಬ ಇದ್ದಿದ್ರೆ ನನ್ನ ಗಂಡ ಬದುಕ್ತಿದ್ದ.”

ಬುಧವಾರ ಅವನ ಮಾತು ನೀರು ಹರಿದಂತೆ ಹರಿಯಿತು. ಗಿತೇ ಕೂಡ ನಗುವುದನ್ನು ಮರೆತು ಕೇಳಿದ. ಪರೀಕ್ಷೆಗೆ ಹೋಗುವವರಿಗೆ ಕೊಡುವ ಅಂಟು ಮಿಠಾಯಿಯನ್ನು ಬೊಕ್ರೆ ತಾನೇ ತಂದು ಅವನ ಜೇಬಿಗೆ ಹಾಕಿದಳು. ನಾಳೆ ಪರೀಕ್ಷೆ ನಡೆಯುವ ಬಾಗಿಲ ತನಕ ಬಂದು ಹರಸಬೇಕೆಂದಿದ್ದೆ, ಬೇರೆ ಊರಿಗೆ ಹೋಗಬೇಕಾಗಿದೆ ಎಂದು ಬೇಸರಪಟ್ಟಳು. ಪ್ಯೊ ಸೊಂಟ ಪೂರ್ತಿ ಬಗ್ಗಿಸಿ ವಂದಿಸಿ ಹೊರಟುಹೋದ.

ಗುರುವಾರ ಬೆಳಿಗ್ಗೆ ಬೊಕ್ರೆ ಪಕ್ಕದ ಜಿಲ್ಲೆಯ ನ್ಯಾಯಾಲಯದಲ್ಲಿದ್ದಳು. ಹಿಂದಿನ ಶರತ್ಕಾಲದಲ್ಲಿ ಅಲ್ಲೊಂದು ಗೋದಾಮಿನ ತಾರಸಿ ಕುಸಿದು ಕೆಲಸದವರು ಮೂವರು ಸತ್ತಿದ್ದರು. ಪತ್ರಿಕೆಗಳು ಆರೋಪಿಯಾದ ಪರವಾನಗಿದಾರನ ಹೆಸರು ಹಾಕದೆ ‘ಎ’ ಎಂದಷ್ಟೇ ಬರೆದಿದ್ದವು. ಸತ್ತವನೊಬ್ಬನ ಹೆಂಡತಿ, ಇನ್ನೂ ಮೂವತ್ತು ದಾಟದವಳು, ಬೊಕ್ರೆಯ ಕೈ ಹಿಡಿದುಕೊಂಡು ಕೂತಿದ್ದಳು.

“ಪರವಾನಗಿ ಯಾರ ಹೆಸರಲ್ಲಿತ್ತೋ, ಅವನ ಮುಖ ನಾನು ನೋಡೋದು ಇವತ್ತೇ, ಅಕ್ಕ,” ಎಂದಳು. “ನನ್ನ ಗಂಡನೂ ನೋಡಿರಲಿಲ್ಲ.”

ಬೊಕ್ರೆ ಸಿಟ್ಟನ್ನು ತಡೆದುಕೊಳ್ಳಲು ಜಪಮಣಿ ಎಳೆಯತೊಡಗಿದಳು. ಗೋಡೆಯ ಗಡಿಯಾರ ಹತ್ತು ತೋರಿಸುತ್ತಿತ್ತು. ಅತ್ತ ಪರೀಕ್ಷೆಯಲ್ಲಿ ಆ ಬಡ ಮುದುಕನನ್ನು ಈಗ ಒಳಗೆ ಕರೆದಿರಬೇಕು. ಅವನ ನಾಲಿಗೆ ತೊದಲದಿರಲಿ, ಎದುರಿಗೆ ಕೂತವರು ಅವನ ಮಾತನ್ನು ನಂಬಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು.

ಪಕ್ಕದ ಬಾಗಿಲಿನಿಂದ ಆರೋಪಿಯ ಕಟಕಟೆಗೆ ಬಂದ ಪ್ಯೊ ಚಾಂಗ್‌ದಾಲ್, ಮೂವರು ನ್ಯಾಯಾಧೀಶರಿಗೆ ತಲೆಬಾಗಿ, ಎಲ್ಲೂ ತೊದಲದೆ ಹೇಳಿದ: “ದಿನಾ ನಾನೇ ಅಲ್ಲಿ ನಿಂತು ಬಿಚ್ಚಬೇಡಿ ಅಂತಿದ್ದೆ, ಸ್ವಾಮಿ, ಸತ್ತ ಆ ಮೂವರೇ ನನ್ನ ಮಾತು ಕೇಳಲಿಲ್ಲ.”