ಒಂದು ದಿನವೂ ರಜೆಯಿಲ್ಲ

"ಒಂಬತ್ತು ವರ್ಷ ಹೊಲಿದು ಒಂದೇ ಸಾಲಾ?" ತಂಗಿ ಕೀಬೋರ್ಡಿನಿಂದ ಕೈ ತೆಗೆದಳು. "ಇದು ರೆಸ್ಯೂಮ್ ಅಕ್ಕಾ, ಔಷಧಿ ಚೀಟಿ ಅಲ್ಲ."

"ಜಾಸ್ತಿ ಬರೆದ್ರೆ ಜಾಸ್ತಿ ಕೇಳ್ತಾರೆ."

ಈಗಾಗಲೇ ಎರಡು ಕಾರ್ಖಾನೆಯವರು ನೋಡಿ ಹೇಳ್ತೀವಿ ಎಂದು ಸಾಗಹಾಕಿದ್ದರು. ಇದು ಮೂರನೆಯದು. ತಂಗಿಯ ಮನೆಯಲ್ಲಿ ಕೂತು ಉಣ್ಣುವುದು ಅಕ್ಕನಿಗೆ ಸಾಕುಸಾಕಾಗಿತ್ತು. ಈ ಕೆಲಸ ಸಿಗಲೇಬೇಕಿತ್ತು.

"ಸುಳ್ಳು ಮಾತ್ರ ಬೇಡ."

"ಸುಳ್ಳು ಯಾಕೆ? ನಿಜಕ್ಕೇ ಸ್ವಲ್ಪ ಇಸ್ತ್ರಿ ಮಾಡ್ತೀನಿ."

ಮಾಡಿದಳು. ಸರ್ಕಾರಿ ಹೊಲಿಗೆ ಘಟಕದಲ್ಲಿ ಒಂಬತ್ತು ವರ್ಷ. ಸಮವಸ್ತ್ರ, ಹೊದಿಕೆ, ಆಸ್ಪತ್ರೆಯ ಪರದೆ. ಒಂದು ದಿನವೂ ರಜೆಯಿಲ್ಲ, ಒಂದು ದಿನವೂ ತಡವಿಲ್ಲ. ಒಳ್ಳೆಯ ನಡತೆಗೆ ಮೇಲಧಿಕಾರಿಗಳ ಮೆಚ್ಚುಗೆ ಪತ್ರ. ಓದಿ ನೋಡಿದ ಅಕ್ಕನಿಗೇ ಈ ಹೆಂಗಸಿಗೆ ಕೆಲಸ ಕೊಟ್ಟುಬಿಡಬೇಕು ಅನ್ನಿಸಿತು.

ಕಾರ್ಖಾನೆ ಸಣ್ಣದು. ಹನ್ನೆರಡು ಯಂತ್ರ, ಪ್ರತಿ ಯಂತ್ರಕ್ಕೂ ದಾರದಲ್ಲಿ ಕಟ್ಟಿದ ಒಂದು ಕತ್ತರಿ. ಒಡತಿ ಕನ್ನಡಕ ಏರಿಸಿ ಹಾಳೆ ಓದಿದಳು. ಗೋಡೆ ಬದಿಯ ಬೆಂಚಿನಲ್ಲಿ ತಂಗಿ ಕೂತಿದ್ದಳು.

"ಒಂದು ದಿನವೂ ರಜೆ ಹಾಕಿಲ್ವಾ?"

"ಕೊಡ್ತಿರಲಿಲ್ಲ ಮೇಡಂ."

"ಓಡಾಟಕ್ಕೆ ಕಷ್ಟ ಆಗ್ತಿರಲಿಲ್ವಾ?"

"ಅಲ್ಲೇ ಇರ್ತಿದ್ದೆ."

"ಮತ್ತೆ ಬಿಟ್ಟಿದ್ಯಾಕೆ?"

"ಅವಧಿ ಮುಗೀತು."

ಒಡತಿ ಮತ್ತೇನೂ ಕೇಳದೆ ಒಂದು ಅಂಗಿ, ಐದು ಸೂಜಿ ಕೊಟ್ಟು ಕಾಲರ್ ಕೂರಿಸಲು ಹೇಳಿದಳು. ಹತ್ತೇ ನಿಮಿಷ. ಎರಡೂ ತುದಿ ಒಂದೇ ಸಮ, ಎಲ್ಲೂ ಒಂದೆಳೆ ದಾರ ಇಣುಕುತ್ತಿರಲಿಲ್ಲ. ತಂಗಿಗೆ ಎದ್ದು ಕುಣಿಯುವಷ್ಟು ಖುಷಿಯಾಯಿತು.

ಆಮೇಲೆ ಅಕ್ಕ ಎಡವಟ್ಟು ಮಾಡಿಕೊಂಡಳು. ಎದ್ದು ನೆಟ್ಟಗೆ ನಿಂತು ಗಟ್ಟಿಯಾಗಿ ಎಣಿಸಿದಳು: "ಸೂಜಿ ಐದು. ಕತ್ತರಿ ಒಂದು." ಎಣಿಸೆಂದು ಯಾರೂ ಹೇಳಿರಲಿಲ್ಲ. ಆದರೂ ಸೂಜಿಗಳನ್ನು ತೆಗೆದುಕೊಳ್ಳಲು ಒಡತಿಯ ಅಂಗೈ ಆಗಲೇ ಮುಂದೆ ಬಂದಿತ್ತು.

"ಸರಿ, ಹೊರಡಿ."

ಅಕ್ಕ ಬಾಗಿಲವರೆಗೆ ಹೋಗಿ ನಿಂತುಬಿಟ್ಟಳು. ಬಾಗಿಲು ಬರೀ ಮುಚ್ಚಿತ್ತು, ಚಿಲಕ ಹಾಕಿರಲಿಲ್ಲ. ಅವಳು ಹಿಡಿಕೆ ಮುಟ್ಟಲಿಲ್ಲ. ಕೈ ಇಳಿಬಿಟ್ಟುಕೊಂಡು, ಯಾರಾದರೂ ಬಂದು ತೆಗೆಯಲಿ ಎಂಬಂತೆ ಕಾದಳು. ಹಿಂದಿನ ಎರಡು ಕಡೆಯೂ ಕೆಲಸ ಕೈತಪ್ಪಿದ್ದು ಹೀಗೆ ಬಾಗಿಲ ಬಳಿ ನಿಂತೇ.

ಓಡಿಹೋಗಿ ತಾನೇ ತೆಗೆಯೋಣ ಎಂದು ತಂಗಿ ಏಳುವಷ್ಟರಲ್ಲಿ ಒಡತಿ ಅಕ್ಕನ ಪಕ್ಕಕ್ಕೆ ಬಂದಿದ್ದಳು.

"ಸೋಮವಾರದಿಂದ ಬನ್ನಿ," ಅಂದಳು ಮೆಲ್ಲಗೆ. "ಬಾಗಿಲು ನೀವೇ ತೆಗೀಬಹುದು. ಜೈಲಿಂದ ಬಂದ ಮೇಲೆ ನನಗೂ ಅದು ಅಭ್ಯಾಸ ಆಗೋಕೆ ಆರು ತಿಂಗಳು ಹಿಡೀತು."