ಅಂಚಿನವರೆಗೆ ಬರುವ ಮಣಿ

ಚನ್ನಪಟ್ಟಣದ ಬಸ್ ನಿಲ್ದಾಣದಲ್ಲಿ ಮಿಸ್ಬಾ ಮರದ ಭೂಮಿಗೋಳವನ್ನು ತಲೆಕೆಳಗು ಮಾಡಿದಳು. ಒಳಗಿನ ಕೆಂಪು ಮಣಿ ಟಕ್ ಎಂದಿತು. ಹೊರಗೆ ಮಾತ್ರ ಬರಲಿಲ್ಲ.

"ಅಬ್ಬಾ, ತೂತಿನ ಬಾಯಿ ಯಾಕೆ ಕಿರಿದು ಮಾಡಿದ್ರಿ? ಮಣಿ ಈ ಕಡೆ ಬಿಟ್ರೆ ಆ ಕಡೆ ಬರ್ಬೇಕು ಅಂದಿದ್ನಲ್ಲ!"

ಮಾವ ಗಫಾರ್ ಬಗ್ಗಿ ತೂತಿಗೆ ಕಣ್ಣಿಟ್ಟು ನೋಡಿದ. ಹನ್ನೊಂದಕ್ಕೆ ರಾಮನಗರದ ಶಾಲೆಯೊಂದರಲ್ಲಿ ಸೊಸೆ ಹತ್ತು ನಿಮಿಷ ಪಾಠ ಮಾಡಿ ತೋರಿಸಬೇಕು. ಮೆಚ್ಚಿದರೆ ಟೀಚರ್ ಕೆಲಸ. ಭೂಮಿಯನ್ನು ಈ ಬದಿಯಿಂದ ಆ ಬದಿಗೆ ಕೊರೆದು, ಆ ಸುರಂಗಕ್ಕೆ ಒಬ್ಬ ಮನುಷ್ಯ ಬಿದ್ದರೆ ಏನಾಗುತ್ತದೆ ಎನ್ನುವುದೇ ಪಾಠ. ಅದಕ್ಕೆಂದೇ ಗಫಾರ್ ಎರಡು ದಿನ ಕೂತು ಹಾಲೆಮರದಲ್ಲಿ ಗೋಳ ಕಡೆದು, ನೀಲಿ ಹಸಿರು ಅರಗು ಹಚ್ಚಿದ್ದ.

"ನಮ್ಮ ಆಟದ ಸಾಮಾನಿಂದ ಮಣಿ ಉದುರಬಾರ್ದು ಬೇಟಾ, ಕೂಸುಗಳು ನುಂಗ್ಬುಡ್ತವೆ. ನಲವತ್ತು ವರ್ಷದ ಅಭ್ಯಾಸ, ಕೈ ನನ್ನ ಮಾತು ಕೇಳ್ನಿಲ್ಲ. ಕೊಡಿಲ್ಲಿ, ಚಾಕು ಐತೆ, ಕೊರೆದ್ಬುಡ್ತೀನಿ."

"ರಾಮನಗರ, ರಾಮನಗರ! ಹತ್ತಿ ಅಕ್ಕಾ, ಭೂಮಿ ಆಮೇಲೆ ತಿರುಗ್ಸೀರಂತೆ," ಎಂದ ಕಂಡಕ್ಟರ್.

ಮಿಸ್ಬಾ ಗೋಳವನ್ನು ಇನ್ನೊಮ್ಮೆ ಓರೆ ಮಾಡಿದಳು. ಟಕ್. ಮತ್ತೆ ತಿರುಗಿಸಿದಳು. ಟಕ್. ಇದ್ದಕ್ಕಿದ್ದಂತೆ ನಕ್ಕುಬಿಟ್ಟಳು.

"ಕೊರೀಬೇಡಿ ಅಬ್ಬಾ! ನೀವು ಮಾಡಿದ್ದೇ ಸರಿ. ಬಿದ್ದೋನು ನಡುಭೂಮಿ ತನಕ ಜೋರಾಗಿ ಹೋಗ್ತಾನೆ. ಅಲ್ಲಿಂದಾಚೆ ವೇಗ ಕಮ್ಮಿ ಆಗ್ತಾ ಆಗ್ತಾ, ಆ ಕಡೆ ಬಾಯಿ ಹತ್ರ ಒಂದು ಗಳಿಗೆ ನಿಂತೋಗ್ತಾನೆ. ಆಚೆ ಹಾರಲ್ಲ. ನಾನು ಹೇಳ್ದಂಗೆ ಮಾಡಿದ್ರೆ ಮಣಿ ಹೆಡ್‌ಮಾಸ್ಟರ್ ಕುರ್ಚಿ ಕೆಳಗೆ ಹೋಗಿರೋದು!"

"ನಿಂತ್ಕೊಂಡು ಏನ್ ಮಾಡ್ತಾನೆ?"

"ಮತ್ತೆ ಬೀಳ್ತಾನೆ. ವಾಪಸ್ ಈ ಕಡೆಗೇ."

"ಅಯ್ಯೋ ಪಾಪ, ಹಿಂಗೇ ಓಡಾಡ್ಕೊಂಡೇ ಇರ್ಬೇಕಾ?"

"ಅಂಚಿಗೆ ಬಂದಾಗ ಯಾರಾದ್ರೂ ಕೈ ಹಿಡ್ಕೋಬೇಕು ಅಬ್ಬಾ. ಆಗ ಬಚಾವು," ಎನ್ನುತ್ತಾ ಅವಳು ಬಸ್ ಹತ್ತಿದಳು.

ಸಂಜೆ ನಾಲ್ಕರ ಬಸ್ಸಿಗೆ ಗಫಾರ್ ಮೂರಕ್ಕೇ ಬಂದು ನಿಂತಿದ್ದ. ಎರಡು ಸಲ ಸೋಪು ಹಾಕಿ ತೊಳೆದಿದ್ದರೂ ಉಗುರ ಸಂದಿಯ ಕೆಂಪು ಅರಗು ಹೋಗಿರಲಿಲ್ಲ. ಹೆಡ್‌ಮಾಸ್ಟರಿಗೆ ಮಣಿಯ ವಿಷಯ ಅರ್ಥವಾಯಿತೋ, ಆಟದ ಸಾಮಾನು ತಂದಿದ್ದಾಳೆ ಎಂದು ನಕ್ಕರೋ. ಬಸ್ಸು ಬಂತು. ಬಾಗಿಲ ಮೆಟ್ಟಿಲ ಮೇಲೆ ಮಿಸ್ಬಾ. ಕೈಯಲ್ಲಿ ಗೋಳವಿಲ್ಲ.

"ಭೂಮಿ ಎಲ್ಲಮ್ಮಾ?" ಗಫಾರ್ ಬಸ್ಸಿನತ್ತ ಹೆಜ್ಜೆ ಹಾಕಿದ.

"ಅಲ್ಲೇ ಇಟ್ಕೊಂಡ್ರು ಅಬ್ಬಾ! ನನಗೆ ಸೋಮವಾರದಿಂದ ಬನ್ನಿ ಅಂದ್ರು!"

ಬಸ್ಸು ಇನ್ನೂ ಪೂರ್ತಿ ನಿಂತಿರಲಿಲ್ಲ. ಗಫಾರ್ ಆಗಲೇ ಬಾಗಿಲ ಅಂಚಿಗೆ ಕೈ ಚಾಚಿದ್ದ.