ಎರಡನೆಯ ಸಾಡೊ

ಅಂಗಳದಲ್ಲಿ ಜೋಕಿಮ್‌ನ ಕೆಮ್ಮು ಕೇಳಿಸಿದ್ದೇ ತಡ, ಝೀಟಾ ಎರಡನೆಯ ಸೀರೆಯನ್ನು ಮರದ ಪೆಟ್ಟಿಗೆಯ ತಳಕ್ಕೆ ತುರುಕಿ, ಮೇಲೆ ಕಂಬಳಿ ಹಾಕಿ, ಮುಚ್ಚಳದ ಮೇಲೆ ಕುಳಿತುಬಿಟ್ಟಳು. ಐವತ್ತೆರಡರ ಹೆಂಗಸು. ಇಡೀ ಕಲ್ಯಾಣಪುರದಲ್ಲಿ ಅವಳು ಪರರ ಒಂದು ತೆಂಗಿನಕಾಯಿ ಮುಟ್ಟಿದವಳೆಂದು ಯಾರೂ ಹೇಳಲಾರರು.

ಅದು ಐವತ್ತೆಂಟನೆಯ ಇಸವಿ. ಹಿರಿಮಗ ರೇಮಂಡನ ಮದುವೆಗೆ ಒಂದು ತಿಂಗಳಿತ್ತು. ವಧು ಉಡುವ ಕೆಂಪು ಸೀರೆ, ಸಾಡೊ, ಹುಡುಗನ ಮನೆಯಿಂದಲೇ ಬರಬೇಕು. ಅದು ಅವರ ಕೊಂಕಣಿ ಕ್ರೈಸ್ತರಲ್ಲಿ ಹಿಂದಿನಿಂದ ಬಂದ ಕ್ರಮ. ಝೀಟಾ ಬೊಂಬಾಯಿಯ ಅಂಗಡಿಯೊಂದಕ್ಕೆ ಕಾಗದ ಬರೆದು, ಹಣವನ್ನು ತಮ್ಮ ಜೋಕಿಮ್‌ನ ಕೈಗಿತ್ತಿದ್ದಳು. ಉಡುಪಿಗೆ ಹೋಗಿ ಮನಿಯಾರ್ಡರ್ ಮಾಡಿಸಿ ಬಂದವನು ಅವನೇ. ರಸೀದಿ ಎಲ್ಲಿ ಎಂದರೆ ದಾರಿಯಲ್ಲಿ ಬಿತ್ತು ಅಂದ. ಅಕ್ಕ ವಿಧವೆಯಾದ ಮೇಲೆ ಇಪ್ಪತ್ತು ವರ್ಷ ಅವಳ ಗದ್ದೆ, ಅವಳ ಮಕ್ಕಳು ಎಂದು ದುಡಿದು ತನ್ನ ಮದುವೆಯನ್ನೇ ಮರೆತವನು. ಒಂದು ರಸೀದಿಗಾಗಿ ಅವನನ್ನು ಬೈಯಲು ಅವಳಿಗೆ ಮನಸ್ಸಾಗಲಿಲ್ಲ.

ಇಂದು ಪಾರ್ಸೆಲ್ ಬಿಚ್ಚಿದರೆ ಒಂದರ ಮೇಲೊಂದು ಎರಡು ಸೀರೆ. ಅದೇ ಕೆಂಪು, ಅದೇ ಜರಿ. ಅಂಗಡಿಯವರ ಕೈತಪ್ಪು. ಅಷ್ಟು ದೊಡ್ಡ ಅಂಗಡಿಗೆ ಒಂದು ಸೀರೆ ಯಾವ ಲೆಕ್ಕ? ಕಿರಿಮಗ ಮೌರಿಸ್‌ನ ಮದುವೆಗೂ ಆಯಿತು ಎಂದುಕೊಳ್ಳುವಷ್ಟರಲ್ಲಿ ಆ ಕೆಮ್ಮು.

ಜೋಕಿಮ್ ಒಳಗೆ ಬಂದ. ಮೇಜಿನ ಮೇಲಿದ್ದ ಸೀರೆ ನೋಡಿದ. ಖಾಲಿ ರಟ್ಟಿನ ಡಬ್ಬಿಯೊಳಗೂ ಬಗ್ಗಿ ನೋಡಿದ.

“ಇಷ್ಟೇ ಬಂದದ್ದಾ ಅಕ್ಕ?”

“ಮತ್ತೆಂತ ಬರ್ಬೇಕಿತ್ತು ಮಾರಾಯ? ಒಬ್ಬಳು ಮದುಮಗಳಿಗೆ ಒಂದು ಸಾಡೊ ಸಾಕಲ್ವಾ?”

ಅವನು ತಲೆಯಾಡಿಸಿದ. ಕಾಲು ತೊಳೆಯಲು ಹೋದವನು ಬಹಳ ಹೊತ್ತು ಬಾವಿಕಟ್ಟೆಯ ಬಳಿಯೇ ನಿಂತಿದ್ದ. ಪಾರ್ಸೆಲಿನ ತೂಕದ ಸುದ್ದಿಯನ್ನು ಅಂಚೆಯವನು ಇವನ ಕಿವಿಗೆ ಹಾಕಿದನೇ? ಝೀಟಾ ಕಿಟಕಿಯಿಂದ ಅವನನ್ನೇ ನೋಡುತ್ತಿದ್ದಳು.

ಮರುದಿನ ಪಕ್ಕದ ಮನೆಯ ಸೆಲೀನ್ ಬಂದಳು. ಮೂವತ್ತೆಂಟಾದರೂ ಮದುವೆಯಾಗದೆ, ಅಣ್ಣನ ಮನೆಯಲ್ಲಿ ಮಲ್ಲಿಗೆ ಕಟ್ಟಿ ದಿನ ಕಳೆಯುತ್ತಿದ್ದವಳು. ಸಾಡೊ ನೋಡಬೇಕೆಂದಳು. ಮಡಿಕೆಯನ್ನು ಸವರಿ, “ಒಳ್ಳೆ ಉಂಟು ಝೀಟಾಬಾಯಿ, ಇದೊಂದೇ ತರಿಸಿದ್ದಾ?” ಅಂದಳು. ಹೌದು ಎಂದ ಮೇಲೂ ಅವಳ ಕಣ್ಣು ಏನನ್ನೋ ಹುಡುಕುತ್ತಿತ್ತು. ಇವಳಿಗೂ ಗೊತ್ತಾಗಿದೆ, ಇನ್ನು ಊರಿಗೆಲ್ಲ ಗೊತ್ತಾಗುತ್ತದೆ ಎಂದುಕೊಂಡು ಝೀಟಾ ಸೀರೆಯನ್ನು ಬೇಗ ಎತ್ತಿಟ್ಟಳು.

ಎರಡು ದಿನ ಬಿಟ್ಟು ಜೋಕಿಮ್, “ಅಂಗಡಿಗೆ ಒಂದು ಕಾಗದ ಬರೀತೀಯಾ ಅಕ್ಕ?” ಎಂದ. ಅವನಿಗೆ ಸಹಿಯ ಹೊರತು ಬರವಣಿಗೆ ಬಾರದು.

“ಎಂತ ಬರೀಲಿಕ್ಕೆ? ಸೀರೆ ಬಂತಲ್ಲ!”

“ಅಲ್ಲ, ಸುಮ್ಮನೆ ಕೇಳಿದೆ.”

ಅಂದಿನಿಂದ ಅವನು ಅರ್ಧ ಊಟಕ್ಕೇ ಏಳತೊಡಗಿದ. ಅಕ್ಕ ಕಳ್ಳಿಯೆಂದು ತಿಳಿದೂ ಬಾಯಿ ಬಿಡದೆ ನನ್ನನ್ನು ಕೊಲ್ಲುತ್ತಿದ್ದಾನೆ ಅನ್ನಿಸಿತು ಅವಳಿಗೆ. ಪೆಟ್ಟಿಗೆಯಿದ್ದ ಕೋಣೆಗೆ ಕಾಲಿಡಲೂ ಹೇಸಿಗೆಯಾಯಿತು.

ಮುಂದಿನ ವಾರ ಸೆಲೀನ್ ಬೊಂಬಾಯಿಗೆ ಹೊರಟುಹೋದಳು. ಅಲ್ಲಿ ವಿಧುರನೊಬ್ಬ ವರ್ಷದಿಂದ ಕೇಳುತ್ತಿದ್ದನಂತೆ. ಒಲ್ಲೆ ಒಲ್ಲೆ ಎನ್ನುತ್ತಿದ್ದವಳು ದಿಢೀರನೆ ಒಪ್ಪಿಕೊಂಡಳಂತೆ. ಅವಳ ಟ್ರಂಕನ್ನು ಬಸ್ಸಿನವರೆಗೆ ಜೋಕಿಮ್ ಹೊತ್ತ. ಸಂಶಯದ ಕಣ್ಣು ಒಂದಾದರೂ ಊರು ಬಿಟ್ಟಿತಲ್ಲ ಎಂದು ಝೀಟಾಳಿಗೆ ಹಗುರವಾಯಿತು. ಹಗುರವಾದದ್ದಕ್ಕೆ ನಾಚಿಕೆಯೂ ಆಯಿತು.

ಆದರೆ ಮಗನ ಮದುವೆಯ ಪೂಜೆಯಲ್ಲಿ ಪರಮಪ್ರಸಾದ ತೆಗೆದುಕೊಳ್ಳದೆ ತಾಯಿ ಹಿಂದೆ ಕುಳಿತರೆ ಜನ ಏನೆಂದಾರು? ಕದ್ದದ್ದನ್ನು ಮನೆಯಲ್ಲಿಟ್ಟು ಆ ಪ್ರಸಾದಕ್ಕೆ ನಾಲಗೆ ಚಾಚಿದರೆ ದೇವರು ಏನೆಂದಾನು? ಶನಿವಾರ ಇಗರ್ಜಿಗೆ ಹೋಗಿ ಪಾಪನಿವೇದನೆಗೆ ಮೊಣಕಾಲೂರಿದಳು.

“ಅತ್ತು ಪ್ರಯೋಜನವಿಲ್ಲ,” ಎಂದರು ಪಾದ್ರಿಗಳು. “ಅದು ಯಾರದ್ದೋ ಅವರ ಕೈಗೇ ಸೇರಬೇಕು.”

ಸೋಮವಾರ ತಾನೇ ಉಡುಪಿಗೆ ಹೋದಳು. ಕ್ಷಮೆಯ ಕಾಗದವಿಟ್ಟು ಸೀರೆಯನ್ನು ಅಂಗಡಿಗೆ ಪಾರ್ಸೆಲ್ ಮಾಡಿದಳು. ಬರುವಾಗ ಬಸ್ಸಿನಲ್ಲಿ ಎಷ್ಟೋ ದಿನಗಳ ಮೇಲೆ ಕಣ್ಣು ಮುಚ್ಚಿ ನಿದ್ದೆ ಮಾಡಿದಳು.

ಸಂಜೆ ಗಂಜಿ ಬಡಿಸುತ್ತಾ ತಮ್ಮನಿಗೆ ಎಲ್ಲವನ್ನೂ ಹೇಳಿದಳು. “ಎರಡು ಬಂದಿತ್ತು ಜೋಕಿಮ್. ಅಡಗಿಸಿಟ್ಟಿದ್ದೆ. ನಿನಗೆ ಗೊತ್ತಿತ್ತು ಅಂತ ನನಗೂ ಗೊತ್ತುಂಟು. ಇವತ್ತು ವಾಪಸು ಕಳಿಸಿದೆ. ಬೈಯುವುದಿದ್ದರೆ ಬೈದುಬಿಡು.”

ಜೋಕಿಮ್ ಬೈಯಲಿಲ್ಲ. ಗಂಜಿಯ ಬಟ್ಟಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ.

“ಅಂಗಡಿಯವರಿಗೆ ಕೈ ತಪ್ಪಲಿಲ್ಲ ಅಕ್ಕ. ನನ್ನ ಹಣವನ್ನೂ ಸೇರಿಸಿ ಎರಡು ಅಂತ ಮನಿಯಾರ್ಡರಿನಲ್ಲಿ ಬರೆಸಿದ್ದೆ. ಈ ಪ್ರಾಯದಲ್ಲಿ ಬಾಯಿ ಬಿಟ್ಟು ಹೇಳ್ಲಿಕ್ಕೆ ನಾಚಿಕೆ. ಎರಡನೆಯದು ಯಾರಿಗೆ ಅಂತ ನೀನೇ ಕೇಳ್ತೀ, ಆಗ ಸೆಲೀನ್‌ಳ ಹೆಸರು ಹೇಳುವ ಅಂತ ಇದ್ದೆ.”